ಮನೇಲೇ ಓದಿಸಿದ್ರೆ ಹೇಗೆ?

ನಿನ್ನೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕ್ ಮಾಡ್ತಾ ಗೆಳತಿ ಕೇಳಿದ್ಲು, "ಮಗ ದಿನಾ ಬೆಳಿಗ್ಗೆ ಸ್ಕೂಲ್ ಅಂದ್ರೆ ಅಳ್ತಾನೆ ಕಣೇ. ಬಿಡಿಸಿ ಮನೇಲೇ ಓದಿಸೋಣ ಅಂತಿದೀನಿ. ಹೇಗೆ?" ತಕ್ಷಣ ಉತ್ತರ ಹೊಳೀಲಿಲ್ಲ. ನಾನೂ ಒಮ್ಮೆ ಅದನ್ನೇ ಮಾಡಹೊರಟವಳು!

2020ರಲ್ಲಿ ಕೊರೋನಾದಿಂದ ಶಾಲೆ ಮುಚ್ಚಿದಾಗ ಮಗಳು ಎರಡನೇ ಕ್ಲಾಸು. ಮೊಬೈಲ್ ಮುಂದೆ ತೂಕಡಿಸ್ತಿದ್ಲು. ಮೊಬೈಲ್ ಎತ್ತಿಟ್ಟು ನಾನೇ ಮೇಷ್ಟ್ರಾದೆ. ದೋಸೆ ಕತ್ತರಿಸಿ ಅರ್ಧ, ಕಾಲು ಕಲಿಸಿದ್ದಾಯ್ತು. ಶಾಲೇಲಿ ದಿನವಿಡೀ ಮಾಡೋ ಪಾಠ ಮನೇಲಿ ಎರಡು ಗಂಟೇಲಿ ಮುಗೀತಿತ್ತು. ಫೀಸಿಲ್ಲ, ಮಣಭಾರದ ಬ್ಯಾಗಿಲ್ಲ. 2021ರ ಅಕ್ಟೋಬರಿನಲ್ಲಿ ಚಿಕ್ಕ ಮಕ್ಕಳ ಕ್ಲಾಸು ಮತ್ತೆ ಶುರುವಾದಾಗ, ಕಳಿಸೋದೇ ಬೇಡ ಅಂದ್ಕೊಂಡೆ.

ಕಾನೂನು ಏನನ್ನುತ್ತೆ ಅಂತ ನೋಡಿದೆ. 2010ರಿಂದ ಜಾರಿಯಲ್ಲಿರೋ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳನ್ನ ಶಾಲೆಗೆ ಸೇರಿಸೋದು ಪೋಷಕರ ಕರ್ತವ್ಯ ಅನ್ನುತ್ತೆ. ಮನೆಪಾಠದ ಬಗ್ಗೆ ಚಕಾರವಿಲ್ಲ. 14 ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಿಂದ ಹತ್ತನೇ ಕ್ಲಾಸು ಬರೆಸಬಹುದು. ಸರಿ, ದಾರಿ ಇದೆ ಅನ್ನಿಸ್ತು.

ಆದ್ರೆ ಒಂದು ಮಧ್ಯಾಹ್ನ ರೂಮಿನಿಂದ ಹಾಜರಿ ಕೂಗೋ ಸದ್ದು! ಇಣುಕಿದ್ರೆ ಗೊಂಬೆಗಳನ್ನ ಸಾಲಾಗಿ ಕೂರಿಸಿ, ತನ್ನ ಕ್ಲಾಸಿನ ಮಕ್ಕಳ ಹೆಸರನ್ನೆಲ್ಲ ಕೂಗಿ, ಪ್ರತಿ ಹೆಸರಿಗೂ ತಾನೇ "ಪ್ರೆಸೆಂಟ್ ಮಿಸ್" ಅಂತಿದಾಳೆ. ಕರುಳು ಚುರ್ರೆಂತು. ಇನ್ನೊಂದು ದಿನ ಲೆಕ್ಕ ತಪ್ಪಿದ್ದಕ್ಕೆ ಗದರಿದೆ. ಶಾಲೇಲಿ ಮಿಸ್ ಬೈದಿದ್ರೆ ಮನೆಗೆ ಬಂದು ಅಮ್ಮನ ಹತ್ರ ಅಳ್ತಿದ್ಲು. ಇಲ್ಲಿ ಬೈದವಳೇ ಅಮ್ಮ. ಮಗು ಯಾರ ಹತ್ರ ಹೋಗಬೇಕು?

ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರು ನೆನಪಾದ್ರು. ಫ್ರೇಸರ್ ಅನ್ನೋ ಇಂಗ್ಲಿಷ್ ಅಧಿಕಾರಿಯನ್ನೇ ಅವರಿಗೆ ಗುರುವಾಗಿ ನೇಮಿಸಿದ್ರು. ಆದ್ರೂ ಅರಸರೊಬ್ಬರನ್ನೇ ಕೂರಿಸಿ ಪಾಠ ಮಾಡಲಿಲ್ಲ, ಜೊತೆಗೆ ಓದೋಕೆ ಹುಡುಗರಿದ್ರು. ಅವರಲ್ಲೊಬ್ಬರು ಮಿರ್ಜಾ ಇಸ್ಮಾಯಿಲ್. 1926ರಲ್ಲಿ ಅವರೇ ಮೈಸೂರಿನ ದಿವಾನರಾದ್ರು. ಅರಮನೆಯ ಹುಡುಗನಿಗೇ ಜೊತೆಗಾರರು ಬೇಕಾಗಿದ್ರೆ, ನಮ್ಮ ಎರಡು ರೂಮಿನ ಮನೆಯ ಹುಡುಗಿಗೆ ಬೇಡ್ವಾ?

ಮತ್ತೆ ಶಾಲೆಗೆ ಕಳಿಸಿದೆ. ಮೊದಲ ದಿನವೇ ಯಾರದೋ ಜೊತೆ ಜಗಳ ಆಡ್ಕೊಂಡು, ಖುಷಿಯಾಗಿ ಬಂದ್ಲು :)

ಗೆಳತಿಗೆ ಕೊನೆಗೆ ಇಷ್ಟು ಹೇಳಿದೆ: "ಮೊದಲು ಅವನು ಯಾಕೆ ಅಳ್ತಾನೆ ತಿಳ್ಕೋ. ಬಿಡಿಸಲೇಬೇಕಾದ್ರೆ ಬಿಡಿಸು. ಆದ್ರೆ ಪುಸ್ತಕ ಕೊಳ್ಳೋ ಮುಂಚೆ ಅವನ ಜೊತೆ ಜಗಳ ಆಡೋಕೆ ನಾಲ್ಕು ಮಕ್ಕಳನ್ನ ಹುಡುಕು."

ನೀವೇನಂತೀರಾ?