ಬಾಗ್ಲು ತೆಗೆದಿದ್ರೂ

ನಮ್ಮವ್ವನಿಗೆ ಅಕ್ಷರ ಬರದು. ಓಟಿನ ದಿನ ಮಾತ್ರ ಕೂಲಿ ಬಿಟ್ಟು, ಇದ್ದುದರಲ್ಲೇ ಒಳ್ಳೆ ಸೀರೆ ಉಟ್ಟು ಹೋಗುತ್ತಾಳೆ. ಒಂದು ಸಲ ಬೂತಿನಲ್ಲಿ 'ನಿನ್ನ ಓಟು ಆಗೋಯ್ತು, ಹೋಗಮ್ಮಿ' ಅಂದರಂತೆ. ಆವತ್ತು ಅವಳು ಉಣ್ಣಲಿಲ್ಲ.

ಎಂ.ಎ. ಪರೀಕ್ಷೆಗೆ ಓದುತ್ತಿದ್ದ ನನ್ನನ್ನು ಕೇಳಿದಳು: 'ಅದೇನ್ಲಾ ಅದು?'

ಹೇಳಿದೆ. ಯುರೋಪಿನ 27 ದೇಶಗಳಿಗೆ ಸೇರಿ ಒಂದು ಪಾರ್ಲಿಮೆಂಟು ಐತವ್ವಾ. 1979ರಲ್ಲಿ ಜನ ಮೊದಲ ಸಲ ನೇರ ಆರಿಸಿದಾಗ, ಆಗ ಒಂಬತ್ತೇ ದೇಶ, ನೂರಕ್ಕೆ 62 ಮಂದಿ ಬಂದರು. 2014ಕ್ಕೆ 43ರ ಕೆಳಗಿಳಿಯಿತು. ಸ್ಲೊವಾಕಿಯಾದಲ್ಲಿ ಬರೀ 13. 2024ರಲ್ಲಿ ಹೆಚ್ಚುಕಡಿಮೆ ಅರ್ಧ.

'ಯಾಕ್ಲಾ, ಬಾಗ್ಲಲ್ಲಿ ತಡೀತಾರಾ?'

ತಡೆಯೋರಿಲ್ಲ. ಅಲ್ಲಿ ಹಾಕಿದ ಓಟಿಗೆ ತಮ್ಮೂರ ಸರ್ಕಾರ ಬೀಳಲ್ಲ, ಏಳಲ್ಲ. 1980ರಲ್ಲಿ ರೈಫ್, ಶ್ಮಿಟ್ ಎಂಬ ಪಂಡಿತರು ಇದನ್ನು 'ಎರಡನೇ ದರ್ಜೆಯ ಚುನಾವಣೆ' ಎಂದರು. (ದರ್ಜೆ ಅಂದರೆ ಸಾಕು, ನನಗೆ ಮೈ ಉರಿಯುತ್ತದೆ. ಇರಲಿ.) ಬಂದವರೂ ಹಾಕುವುದು ತಮ್ಮ ದೇಶದ ಸಿಟ್ಟನ್ನೇ. 2024ರ ಜೂನ್ 9ರಂದು ಫ್ರಾನ್ಸಿನಲ್ಲಿ ಲೆಪೆನ್ ಪಕ್ಷ ಮ್ಯಾಕ್ರನ್ ಕೂಟದ ಎರಡರಷ್ಟು ಓಟು ಪಡೆಯಿತು. ಮ್ಯಾಕ್ರನ್ ಆ ರಾತ್ರಿಯೇ ತಮ್ಮ ದೇಶದ ಸಭೆಯನ್ನು ವಿಸರ್ಜಿಸಿದರು. ಯುರೋಪಿನ ಪೆಟ್ಟಿಗೆಗೆ 51 ಮಂದಿ ಬಂದಿದ್ದ ದೇಶದಲ್ಲಿ, ಮೂರೇ ವಾರಕ್ಕೆ, ಸ್ವಂತ ಸಭೆಯ ಪೆಟ್ಟಿಗೆಗೆ 67 ಮಂದಿ!

ಆದರೆ ಗಡಿಗೆ ಬಂದ ನಿರ್ಗತಿಕರನ್ನು ಏನು ಮಾಡಬೇಕೆಂಬ ಕಾನೂನಿಗೆ 2024ರ ಏಪ್ರಿಲಿನಲ್ಲಿ ಕೈ ಎತ್ತಿದ್ದು ಈ ಎರಡನೇ ದರ್ಜೆಯ ಪಾರ್ಲಿಮೆಂಟೇ. ಆ ನಿರ್ಗತಿಕರಿಗೆ ಓಟಿಲ್ಲ.

ಅವ್ವ ರಾಗಿ ಕೇರುವುದ ನಿಲ್ಲಿಸಿದಳು.

'ಬಾಗ್ಲು ತೆಗೆದಿದ್ರೂ ಹೋಗ್ನಿಲ್ವಾ?'

ಎದ್ದು, ಟ್ರಂಕಿನೊಳಗೆ ತನ್ನ ಓಟಿನ ಕಾರ್ಡು ಇದೆಯೋ ಇಲ್ಲವೋ ನೋಡಿ ಬಂದಳು.