ಗಲತಸರಾಯ್: ಒಂದು ಪಾಠಶಾಲೆಯಲ್ಲಿ ಹುಟ್ಟಿದ ಕಾಲ್ಚೆಂಡಿನ ಸಂಘ

ಇಸ್ತಾಂಬೂಲ್ ನಗರವು ಎರಡು ಖಂಡಗಳ ಮೇಲೆ ಕಾಲೂರಿ ನಿಂತಿರುವ ಪಟ್ಟಣವೆಂಬುದನ್ನು ಭೂಗೋಳವನ್ನೋದಿದ ವಾಚಕರೆಲ್ಲರೂ ಬಲ್ಲರು. ಬಾಸ್ಪರಸ್ ಜಲಸಂಧಿಯ ಪಡುವಣ ದಡ ಯೂರೋಪು, ಮೂಡಣ ದಡ ಏಷ್ಯ. ಅಲ್ಲಿಯ ಮಸೀದಿಗಳನ್ನೂ ಅರಮನೆಗಳನ್ನೂ ವರ್ಣಿಸಿದವರು ಬಹುಮಂದಿ. ಅವರ ದಾರಿಯನ್ನು ನಾನು ಹಿಡಿಯುವುದಿಲ್ಲ. ನಲವತ್ತು ವರ್ಷಗಳ ಸಮೀಪ ಮಕ್ಕಳಿಗೆ ಪಾಠ ಹೇಳಿ ದಿನ ಕಳೆದವನಿಗೆ ಯಾವ ಊರಿನಲ್ಲಿಯೂ ಮೊದಲು ಕಣ್ಣಿಗೆ ಬೀಳುವುದು ಶಾಲೆಯೇ ಅಲ್ಲವೆ? ಆದಕಾರಣ ವಾಚಕರನ್ನು ಒಂದು ಶಾಲೆಯ ಬಾಗಿಲಿಗೆ ಕರೆದೊಯ್ಯುತ್ತೇನೆ.

ನಗರದ ಯೂರೋಪು ಭಾಗದಲ್ಲಿ ಸುವರ್ಣಶೃಂಗವೆಂಬ ಕಡಲ ಕೊಲ್ಲಿಯ ಬಡಗಣ ದಡಕ್ಕೆ ಗಲತ ಎಂದು ಹೆಸರು. ಅಲ್ಲಿಂದ ಗುಡ್ಡವನ್ನೇರಲು ಮಣ್ಣಿನೊಳಗೆ ಕೊರೆದ ರೈಲುಮಾರ್ಗವೊಂದುಂಟು, 1875ರಲ್ಲಿ ತೆರೆದದ್ದು. ನಗರದೊಳಗಣ ನೆಲಮಾಳಿಗೆಯ ರೈಲುಗಳಲ್ಲಿ ಲಂಡನ್ನಿನದನ್ನು ಬಿಟ್ಟರೆ ಇದೇ ಹಳೆಯದು. ಮೇಲೇರಿದೊಡನೆ ಇಸ್ತಿಕ್ಲಾಲ್ ಬೀದಿ, ಎಂದರೆ ಸ್ವಾತಂತ್ರ್ಯದ ಬೀದಿ. ಕೆಂಪು ಬಣ್ಣದ ಹಳೆಯ ಮಾದರಿಯ ಟ್ರಾಂ ಗಾಡಿಯೊಂದು ಗಂಟೆ ಬಾರಿಸುತ್ತ ಜನರ ನಡುವೆ ಮೆಲ್ಲಗೆ ಸಾಗುತ್ತದೆ. ಬೀದಿಯ ನಡುಮಧ್ಯದಲ್ಲಿ ಕಬ್ಬಿಣದ ಕುಸುರಿಗೆಲಸದ ದೊಡ್ಡ ಹೆಬ್ಬಾಗಿಲು. ಅದರಾಚೆ ಮರಗಳು, ಮರಗಳಾಚೆ ಶಾಲೆ. ಇದೇ ಗಲತಸರಾಯ್ ವಿದ್ಯಾಶಾಲೆ. ‘ಸರಾಯ್’ ಎಂಬ ಪಾರಸಿಯ ಮಾತಿಗೆ ತುರ್ಕಿಯಲ್ಲಿ ಅರಮನೆಯೆಂದು ಅರ್ಥ. ನಮ್ಮ ಉತ್ತರದೇಶದಲ್ಲಿ ಅದೇ ಮಾತು ದಾರಿಹೋಕರ ಛತ್ರಕ್ಕೆ ಹೆಸರಾಯಿತು.

ಈ ಶಾಲೆಗೆ ಒಂದು ಐತಿಹ್ಯವುಂಟು. 1481ರ ಸುಮಾರಿನಲ್ಲಿ ಎರಡನೆಯ ಬಯಜೀದ್ ಸುಲ್ತಾನನು ಬೇಟೆಗೆ ಹೋದಾಗ ಗುಲ್ ಬಾಬಾ ಎಂಬ ಸಾಧುವಿನ ತೋಟವನ್ನು ಕಂಡನಂತೆ. ಏನು ಬೇಕೆಂದು ಕೇಳಲು, ಸಾಧುವು ಇಲ್ಲಿ ಒಂದು ವಿದ್ಯಾಲಯವನ್ನು ಕಟ್ಟಿಸೆಂದು ಬೇಡಿ, ಒಂದು ಹಳದಿ ಗುಲಾಬಿಯನ್ನೂ ಒಂದು ಕೆಂಪು ಗುಲಾಬಿಯನ್ನೂ ರಾಜನ ಕೈಗಿತ್ತನಂತೆ. ಐತಿಹ್ಯವನ್ನು ಐತಿಹ್ಯವಾಗಿಯೇ ಸ್ವೀಕರಿಸೋಣ. ಈಗಿನ ರೂಪದ ಶಾಲೆಯು ಸ್ಥಾಪಿತವಾದುದು 1868ರಲ್ಲಿ. ಹಿಂದಿನ ವರ್ಷ ಫ್ರಾನ್ಸಿಗೆ ಹೋಗಿ ಬಂದಿದ್ದ ಅಬ್ದುಲಜೀಜ್ ಸುಲ್ತಾನನು ಫ್ರೆಂಚರ ಪದ್ಧತಿಯನ್ನನುಸರಿಸಿ ಇದನ್ನು ರಾಜಕೀಯ ವಿದ್ಯಾಶಾಲೆಯನ್ನಾಗಿ ಏರ್ಪಡಿಸಿದನು. ಪಾಠಗಳು ಬಹುಮಟ್ಟಿಗೆ ಫ್ರೆಂಚ್ ಭಾಷೆಯಲ್ಲಿ. ಮುಸಲ್ಮಾನ, ಆರ್ಮೀನಿಯ, ಗ್ರೀಕ, ಬಲ್ಗೇರಿಯ, ಯೆಹೂದ್ಯ ಬಾಲಕರು ಒಂದೇ ಬೆಂಚಿನ ಮೇಲೆ ಕುಳಿತು ಓದಬೇಕೆಂಬುದು ಉದ್ದೇಶ. ಆ ಕಾಲಕ್ಕೆ ಇದು ಸಣ್ಣ ಸಾಹಸವಲ್ಲ.

ಇನ್ನು ಕಾಲ್ಚೆಂಡಿನ ಮಾತು. ಈ ಆಟವನ್ನು ಅಲ್ಲಿಗೆ ತಂದವರು ಆಂಗ್ಲೇಯ ವರ್ತಕರು. ಏಷ್ಯದ ದಡದ ಕಾದಿಕ್ಯೋಯ್, ಮೋದಾ ಎಂಬ ಬಡಾವಣೆಗಳಲ್ಲಿ ಅವರೂ ಗ್ರೀಕರೂ ಯಥೇಚ್ಛವಾಗಿ ಆಡುತ್ತಿದ್ದರು. ತುರ್ಕರ ಮಕ್ಕಳಿಗೆ ಮಾತ್ರ ಆ ಭಾಗ್ಯವಿರಲಿಲ್ಲ. ಎರಡನೆಯ ಅಬ್ದುಲ್ ಹಮೀದ್ ಸುಲ್ತಾನನ ಆಳ್ವಿಕೆಯಲ್ಲಿ ಗೂಢಚಾರರು ಮನೆಮನೆಗೂ ಇದ್ದರೆಂದರೆ ಅತಿಶಯೋಕ್ತಿಯಾಗದು. ನಾಲ್ವರು ಯುವಕರು ಕೂಡಿದರೆ ಒಳಸಂಚೆಂದು ಶಂಕೆ. ಹನ್ನೊಂದು ಮಂದಿ ಒಂದೇ ಬಣ್ಣದ ಅಂಗಿ ತೊಟ್ಟು ಕೂಡಿದರೆ ಕೇಳಬೇಕೆ? ಫುವಾದ್ ಹುಸ್ನು ಎಂಬ ನೌಕಾದಳದ ತರುಣನು ಗೆಳೆಯರೊಡನೆ ‘ಕಪ್ಪು ಕಾಲುಚೀಲದವರು’ ಎಂಬ ಅರ್ಥದ ಇಂಗ್ಲಿಷ್ ಹೆಸರಿನಲ್ಲಿ ಒಂದು ತಂಡವನ್ನು ಕಟ್ಟಿದನು. 1901ರಲ್ಲಿ ಅವರು ಗ್ರೀಕರೊಡನೆ ಆಡಿದ ಆಟವೇ ಮೊದಲನೆಯದೂ ಕೊನೆಯದೂ ಆಯಿತು. ಸುಲ್ತಾನನ ಬೇಹಿನವರು ಮೈದಾನಕ್ಕೆ ಬಂದರು, ತಂಡವು ಚದರಿತು. ಬಳಿಕ ಆ ಫುವಾದನು ಆಂಗ್ಲೇಯರ ತಂಡವನ್ನು ಸೇರಿ ‘ಬಾಬಿ’ ಎಂಬ ಕಳ್ಳಹೆಸರಿನಲ್ಲಿ ಆಡುತ್ತಿದ್ದನು. ತನ್ನ ದೇಶದಲ್ಲಿ ಚೆಂಡನ್ನೊದೆಯಲು ಪರದೇಶಿಯ ಹೆಸರನ್ನು ಹೊರಬೇಕಾದ ದುರವಸ್ಥೆ!

ಇಂತಹ ಕಾಲದಲ್ಲಿ, 1905ರ ಅಕ್ಟೋಬರ್ ತಿಂಗಳಲ್ಲಿ, ಗಲತಸರಾಯ್ ಶಾಲೆಯ ಐದನೆಯ ತರಗತಿಯಲ್ಲಿ ಮೆಹ್ಮೆತ್ ಅತಾ ಬೇ ಎಂಬ ಉಪಾಧ್ಯಾಯರು ಸಾಹಿತ್ಯದ ಪಾಠ ಹೇಳುತ್ತಿದ್ದರು. ಅದೇ ಹೊತ್ತಿನಲ್ಲಿ ಅಲಿ ಸಾಮಿ ಎಂಬ ಹತ್ತೊಂಬತ್ತು ವರ್ಷದ ವಿದ್ಯಾರ್ಥಿಯು ಸುತ್ತಲ ಗೆಳೆಯರೊಡನೆ ಸಂಘವೊಂದನ್ನು ಸ್ಥಾಪಿಸಿದನು. ಉಪಾಧ್ಯಾಯರಿಗೆ ತಿಳಿದಿತ್ತೋ ಇಲ್ಲವೋ. ತಿಳಿದೂ ಸುಮ್ಮನಿದ್ದರೆಂದು ಭಾವಿಸುವುದು ನನಗೆ ಹಿತ. ಪಾಠದ ವೇಳೆಯಲ್ಲಿ ಹಿಂದಿನ ಬೆಂಚಿನಲ್ಲಿ ನಡೆಯುವ ಪಿಸುಮಾತೆಲ್ಲವೂ ವ್ಯರ್ಥವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಹುಡುಗರ ಗುರಿ ಮೂರು: ಆಂಗ್ಲೇಯರಂತೆ ಒಟ್ಟುಗೂಡಿ ಆಡುವುದು, ತಮಗೊಂದು ಹೆಸರೂ ಬಣ್ಣವೂ ಇರುವುದು, ಪರದೇಶದವರ ತಂಡಗಳನ್ನು ಸೋಲಿಸುವುದು.

ಈ ಅಲಿ ಸಾಮಿ ಸಾಮಾನ್ಯರ ಮಗನಲ್ಲ. ತಂದೆ ಶೆಮ್ಸೆದ್ದೀನ್ ಸಾಮಿ ಆಲ್ಬೇನಿಯ ದೇಶದವರು; ತುರ್ಕಿ ಭಾಷೆಗೆ ‘ಕಾಮೂಸ್-ಇ-ತುರ್ಕಿ’ ಎಂಬ ಮಹಾಕೋಶವನ್ನು ರಚಿಸಿದ ಪಂಡಿತರು. ಅದಕ್ಕೆ ಮೊದಲೇ ಆರು ಸಂಪುಟಗಳ ವಿಶ್ವಕೋಶವೊಂದನ್ನು ಒಬ್ಬರೇ ಬರೆದು ಮುಗಿಸಿದ್ದರು. ಅಮರಕೋಶವನ್ನು ಬಾಯಿಪಾಠ ಮಾಡುವುದಕ್ಕೇ ಬೆತ್ತ ಬೇಕಾದ ನಮಗೆ ಅಂತಹವರ ಶ್ರಮವು ಊಹೆಗೂ ನಿಲುಕದು. ಅವರು 1904ರಲ್ಲಿ ತೀರಿಕೊಂಡರು. ಮಗನ ಸಂಘವನ್ನು ಕಾಣಲಿಲ್ಲ.

ಹೆಸರಿನ ವಿಷಯದಲ್ಲಿ ಹುಡುಗರು ‘ಗ್ಲೋರಿಯ’, ‘ಔದಾಸ್’ ಎಂದು ಪರಭಾಷೆಯ ಮಾತುಗಳನ್ನೆಲ್ಲ ಹುಡುಕಿದರು. ಕಾದಿಕ್ಯೋಯಿನ ಒಂದು ಶಾಲೆಯ ತಂಡವನ್ನು ಎರಡು ಗೋಲುಗಳಿಂದ ಸೋಲಿಸಿದಾಗ ನೋಡುವವರು ‘ಗಲತಸರಾಯ್ ಮಹಾಶಯರು’ ಎಂದು ಕೂಗಿದರಂತೆ. ಅಲ್ಲಿಗೆ ನಾಮಕರಣವು ತಾನಾಗಿಯೇ ಮುಗಿಯಿತು. ಬಣ್ಣಕ್ಕೆ ಹೆಚ್ಚು ಕಾಲ ಹಿಡಿಯಿತು. ಮೊದಲು ಧ್ವಜದ ಕೆಂಪುಬಿಳುಪನ್ನು ತೊಟ್ಟರು. ಅದು ಸರ್ಕಾರದ ಶಂಕೆಗೆ ಎಡೆಯಾಗಲು ಹಳದಿಕಪ್ಪಿಗೆ ಹೋದರು. 1908ರಲ್ಲಿ ರಾಜ್ಯಾಂಗವು ಮರಳಿ ಜಾರಿಗೆ ಬಂದ ಮೇಲೆ ಅಲಿ ಸಾಮಿಯೂ ಗೆಳೆಯರೂ ‘ಡೊಳ್ಳುಹೊಟ್ಟೆಯ ಯಾಂಕೊ’ ಎಂಬ ಜವಳಿ ವರ್ತಕನ ಅಂಗಡಿಗೆ ಹೋದರು. ಅಂಗಡಿಯವನು ಗಾಢವಾದ ಕೆಂಪು ಬಟ್ಟೆಯನ್ನೂ ಕಿತ್ತಳೆಯ ಛಾಯೆಯ ಹಳದಿ ಬಟ್ಟೆಯನ್ನೂ ಕೈಯಲ್ಲಿ ಹಿಡಿದು ಒಮ್ಮೆಲೆ ಝಾಡಿಸಲು, ಬೆಂಕಿಯ ನಾಲಗೆ ಎದ್ದಂತೆ ಕಂಡಿತಂತೆ. ಗುಲ್ ಬಾಬಾನ ಗುಲಾಬಿಗಳೂ ಹಾಗೆಯೇ ಶಾಲೆಗೆ ಮರಳಿದುವು. ತುರ್ಕರು ಈ ಕೆಂಪಿಗೆ ‘ಕಿರ್ಮಿಜಿ’ ಎನ್ನುತ್ತಾರೆ. ನಮ್ಮ ಅಜ್ಜಿಯರು ಸೀರೆಯ ಸೆರಗಿಗೆ ‘ಕಿರಮಂಜಿ’ ಎನ್ನುತ್ತಿದ್ದುದು ಇದೇ ಮಾತು.

1906ರಿಂದ ಇವರು ಆಂಗ್ಲೇಯರೂ ಗ್ರೀಕರೂ ನಡೆಸುತ್ತಿದ್ದ ಲೀಗು ಪಂದ್ಯಗಳಿಗೆ ಸೇರಿದರು. 1908–09ರಲ್ಲಿ ಗೆದ್ದರು, ಮುಂದಿನ ಎರಡು ವರ್ಷವೂ ಗೆದ್ದರು. ಮೂರನೆಯ ಗುರಿಯು ಈಡೇರಿತು. 1907ರಲ್ಲಿ ಎದುರುದಡದಲ್ಲಿ ಫೆನರ್‌ಬಹ್ಚೆ ಎಂಬ ಸಂಘವು ಹುಟ್ಟಿತು. ಇವೆರಡರ ಮೊದಲನೆಯ ಪಂದ್ಯವು 1909ರ ಜನವರಿ 17ರಂದು ನಡೆಯಿತು. ಅಂದಿನಿಂದ ಇಂದಿನವರೆಗೆ ಯೂರೋಪಿಗೂ ಏಷ್ಯಕ್ಕೂ ನಡೆಯುವ ಕಲಹದಂತೆ ಊರೆಲ್ಲ ಎರಡಾಗುತ್ತದೆ. ಒಂದೇ ಮನೆಯಲ್ಲಿ ಅಣ್ಣ ಒಂದು ಕಡೆ, ತಮ್ಮ ಮತ್ತೊಂದು ಕಡೆ. ಪಂದ್ಯದ ದಿನ ಹಬೆಯ ದೋಣಿಯಲ್ಲಿ ಕಡಲನ್ನು ದಾಟಿ ಬೇರೆ ಖಂಡಕ್ಕೆ ಹೋಗಿ ಸೋತು ಬರುವ ದುಃಖವು ಬೇರೆಲ್ಲಿಯೂ ಸಿಕ್ಕಲಾರದು.

ಆಟದ ಮೈದಾನದಿಂದ ಯುದ್ಧಭೂಮಿಗೆ ದೂರ ಬಹಳವಿರಲಿಲ್ಲ. 1912ರ ಬಾಲ್ಕನ್ ಯುದ್ಧ, ಅದರ ಬೆನ್ನಿಗೇ ಮಹಾಯುದ್ಧ. ಹಸ್ನುನ್ ಗಾಲಿಪ್ ಎಂಬ ಆಟಗಾರನು 1915ರಲ್ಲಿ ಗಲ್ಲಿಪೋಲಿಯಲ್ಲಿ ಮಡಿದನು. ಶಾಲೆಯ ಸಮೀಪದ ಒಂದು ಗಲ್ಲಿಗೆ ಅವನ ಹೆಸರಿದೆ. ಸ್ಥಾಪಕರಲ್ಲೊಬ್ಬನಾದ ಸೆಲಾಲ್ ಇಬ್ರಾಹಿಮನೂ ಆ ಯುದ್ಧದಿಂದ ಹಿಂದಿರುಗಲಿಲ್ಲ. ಇಲ್ಲಿ ಕನ್ನಡಿಗರು ಒಂದು ಕ್ಷಣ ನಿಲ್ಲಬೇಕು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ತುರ್ಕರ ಸೇನೆಯಿಂದ ಕಸಿದುಕೊಂಡವರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ ಅಶ್ವದಳದವರೂ ಇದ್ದರು. ಮಡಿದವರ ಸ್ಮಾರಕವು ಬೆಂಗಳೂರಿನ ಜೆ. ಸಿ. ನಗರದಲ್ಲಿದೆ. ಆ ಬೀದಿಯ ಹೆಸರೂ ಈ ಕಲ್ಲಿನ ಮೇಲಣ ಹೆಸರುಗಳೂ ಒಂದೇ ಯುದ್ಧದ ಎರಡು ಕಡೆಯವು. ಅಲ್ಲಿಯ ತಾಯಂದಿರಿಗೂ ಇಲ್ಲಿಯ ತಾಯಂದಿರಿಗೂ ಆ ಕಡೆ ಈ ಕಡೆ ಎಂಬುದರಿಂದ ಏನಾಗಬೇಕಾಗಿತ್ತು?

1923ರಲ್ಲಿ ಗಣರಾಜ್ಯವು ಬಂದಿತು. 1928ರಲ್ಲಿ ಅರಬ್ಬೀ ಲಿಪಿ ಹೋಗಿ ಲ್ಯಾಟಿನ್ ಲಿಪಿ ಬಂದಿತು. 1934ರಲ್ಲಿ ಎಲ್ಲರೂ ಮನೆತನದ ಹೆಸರನ್ನಿಟ್ಟುಕೊಳ್ಳಬೇಕೆಂದು ಕಾನೂನಾಯಿತು. ಅಲಿ ಸಾಮಿ ಆರಿಸಿಕೊಂಡ ಹೆಸರು ‘ಯೆನ್’. ತುರ್ಕಿಯಲ್ಲಿ ಅದು ಗೆಲ್ಲುವುದೆಂಬ ಧಾತು. ಅದೇ ‘ಗೆಲ್ಲು’ ಎಂಬ ವಿಧಿರೂಪವೂ ಹೌದು. ನಮ್ಮ ವೈಯಾಕರಣರು ಜಿ-ಧಾತುವಿನ ಲೋಟ್ ಮಧ್ಯಮಪುರುಷ ಏಕವಚನದಲ್ಲಿ ‘ಜಯ’ ಎನ್ನುವರಲ್ಲ, ಅದಕ್ಕೆ ಸರಿಸಮ. ಕೋಶಕಾರನ ಮಗನಾದ್ದರಿಂದ ಒಂದೇ ಅಕ್ಷರಪುಂಜದಲ್ಲಿ ಬಾಳಿನ ಉದ್ದೇಶವನ್ನಡಗಿಸಿದನು. ಅವನು 1951ರಲ್ಲಿ ನಿಧನನಾದನು.

ಮುಂದಿನ ಕಾಲದ ಆಟಗಾರರಲ್ಲಿ ಮೆತಿನ್ ಓಕ್ತಾಯ್ (1936–1991) ಒಬ್ಬನನ್ನು ಹೆಸರಿಸಿದರೆ ಸಾಕು. ಕಿರೀಟವಿಲ್ಲದ ರಾಜನೆಂದು ಅವನ ಬಿರುದು. 1959ರಲ್ಲಿ ಫೆನರ್‌ಬಹ್ಚೆಯ ಮೇಲೆ ಅವನೊದೆದ ಚೆಂಡು ಬಲೆಯನ್ನು ಹರಿದು ಆಚೆಗೆ ಹೋಯಿತು. ಆದರೆ ಆ ವರ್ಷದ ರಾಷ್ಟ್ರೀಯ ಲೀಗು ದಕ್ಕಿದ್ದು ಫೆನರ್‌ಬಹ್ಚೆಗೇ! ಅಲಿ ಸಾಮಿಯ ಹೆಸರಿನ ಕ್ರೀಡಾಂಗಣವು 1964ರ ಡಿಸೆಂಬರಿನಲ್ಲಿ ತೆರೆಯಿತು. ಮೊದಲ ದಿನವೇ ನೂಕುನುಗ್ಗಲಿನಲ್ಲಿ ಅನೇಕರು ಗಾಯಗೊಂಡರು. 2011ರಲ್ಲಿ ಅದನ್ನು ಬಿಟ್ಟು ಸೆಯ್ರಾನ್‌ತೆಪೆಯ ಹೊಸ ಕ್ರೀಡಾಂಗಣಕ್ಕೆ ಹೋದರು.

2000ನೆಯ ವರ್ಷವು ಈ ಸಂಘಕ್ಕೆ ಕೀರ್ತಿಯ ವರ್ಷ. ಮೇ 17ರಂದು ಕೋಪನ್‌ಹೇಗನ್ನಿನಲ್ಲಿ ಆಂಗ್ಲೇಯರ ಆರ್ಸೆನಲ್ ತಂಡದೊಡನೆ ಯೂರೋಪಿನ ಯುಎಫಾ ಕಪ್ಪಿಗಾಗಿ ಹೋರಾಟ. ಇಬ್ಬರಿಗೂ ಗೋಲಿಲ್ಲ. ಹೆಚ್ಚಿನ ವೇಳೆಯಲ್ಲಿ ಹಾಜಿ ಎಂಬ ಮುಖ್ಯ ಆಟಗಾರನನ್ನು ಹೊರಕ್ಕೆ ಕಳುಹಿಸಲಾಯಿತು. ಹತ್ತು ಮಂದಿಯೇ ಕೋಟೆ ಕಾದರು. ಕಡೆಗೆ ಪೆನಾಲ್ಟಿ ಒದೆತಗಳಲ್ಲಿ 4–1ರಿಂದ ಗೆದ್ದರು. ಯೂರೋಪಿನ ಕಪ್ಪನ್ನು ತುರ್ಕಸ್ಥಾನಕ್ಕೆ ತಂದ ಮೊದಲ ಸಂಘ ಇದು. ಆಂಗ್ಲೇಯರಂತೆ ಆಡಬೇಕೆಂದು ಹೊರಟ ಹುಡುಗರ ಸಂಘವು ಆಂಗ್ಲೇಯರನ್ನೇ ಮಣಿಸಿ ಯೂರೋಪಿನ ಕಪ್ಪನ್ನು ಗೆಲ್ಲಲು ತೊಂಬತ್ತೈದು ವರ್ಷ ಹಿಡಿಯಿತು. ಆದರೆ ಅದಕ್ಕೆ ಆರು ವಾರ ಮುಂಚೆ, ಏಪ್ರಿಲ್ 5ರ ರಾತ್ರಿ, ಇದೇ ಇಸ್ತಿಕ್ಲಾಲ್ ಬೀದಿ ಕೊನೆಗೊಳ್ಳುವ ತಕ್ಸೀಮ್ ಚೌಕದಲ್ಲಿ ಪಂದ್ಯ ನೋಡಲು ಬಂದಿದ್ದ ಲೀಡ್ಸ್ ಊರಿನ ಇಬ್ಬರು ಚೂರಿಯಿರಿತದಿಂದ ಸತ್ತರು. ಕಪ್ಪಿನ ವೃತ್ತಾಂತವನ್ನು ಹೇಳುವವರು ಇದನ್ನು ಮರೆಮಾಡುವುದು ನ್ಯಾಯವಲ್ಲ. ಅತಿಥಿಯನ್ನು ಕೊಂದ ಊರು ಯಾವುದಾದರೂ ತಲೆತಗ್ಗಿಸಲೇಬೇಕು.

2025ರಲ್ಲಿ ಗಲತಸರಾಯ್ ಇಪ್ಪತ್ತೈದನೆಯ ಸಲ ರಾಷ್ಟ್ರೀಯ ಲೀಗನ್ನು ಗೆದ್ದಿತು. ಕೋಟ್ಯಂತರ ಹಣ ಓಡಾಡುವ ಈ ಸಂಘದಲ್ಲಿ ಈಗಿನ ಆಟಗಾರರಲ್ಲಿ ಶಾಲೆಯ ಮಕ್ಕಳು ಯಾರೂ ಇಲ್ಲ. ದೇಶದೇಶಗಳಿಂದ ಕೊಂಡುತಂದವರೇ ಬಹಳ. ಆದರೂ ಶಾಲೆಗೂ ಸಂಘಕ್ಕೂ ಕರುಳಿನ ನಂಟು ಕಡಿದಿಲ್ಲ. ವರ್ಷಕ್ಕೊಮ್ಮೆ ‘ಪಿಲಾವ್ ದಿನ’ವೆಂದು ಹಬ್ಬ ಮಾಡುತ್ತಾರೆ. ನರೆತ ತಲೆಯ ಹಳೆಯ ವಿದ್ಯಾರ್ಥಿಗಳು ಆ ಕಬ್ಬಿಣದ ಬಾಗಿಲಿನೊಳಗೆ ಹೋಗಿ, ಮರಗಳ ಕೆಳಗೆ ಮಕ್ಕಳ ಜೊತೆ ಪುಲಾವು ಉಂಡು, ತಮ್ಮ ತಮ್ಮ ಹಳೆಯ ತರಗತಿಗಳನ್ನು ನೋಡಿಕೊಂಡು ಬರುತ್ತಾರೆ.