ಹಿಮ್ಮುಖವಾಗಿ ದಡಕ್ಕೆ

ದಿನವಿಡೀ ಹಾಯಿ ಬಿಚ್ಚಿ ಗಾಳಿಯ ಬೆನ್ನು ಹತ್ತಿದ ಸುಖ ಒಂದು ತೂಕವಾದರೆ, ಇಳಿಹೊತ್ತಿನಲ್ಲಿ ಯಾಟನ್ನು ಹಿಂದಕ್ಕೆ ನಡೆಸಿ ಪುಟ್ಟ ಹೋಟೆಲೊಂದರ ಮರದ ಜೆಟ್ಟಿಗೆ ಕಟ್ಟುವ ಸುಖವೇ ಒಂದು ತೂಕ. ನನಗೆ ಎರಡನೆಯದೇ ಹೆಚ್ಚು. ಅದರಲ್ಲೂ ಟರ್ಕಿಯ ದಕ್ಷಿಣ ಕರಾವಳಿಯ ಕಲೆಕೊಯ್‌ನಲ್ಲಿ.

ಗುಡ್ಡದ ನೆತ್ತಿಯಲ್ಲಿ ಕೋಟೆ, ಇಳಿಜಾರಿನಲ್ಲಿ ಒತ್ತೊತ್ತಾಗಿ ಮನೆಗಳು, ನೀರಂಚಿಗೆ ಹೋಟೆಲುಗಳು, ಅವುಗಳ ಮುಂದೆ ಜೆಟ್ಟಿಗಳು. ಕಾರು ಈ ಊರೊಳಗೆ ಬರದು. ದೋಣಿಯಲ್ಲಿ ಬರಬೇಕು, ಇಲ್ಲವೇ ನಡೆದು. ಪ್ರಾಚೀನ ಲಿಸಿಯನ್ನರ ಸಿಮೆನಾ ಇದೇ. ಅವರ ಕಲ್ಲಿನ ಶವಪೆಟ್ಟಿಗೆಯೊಂದು ಇವತ್ತಿಗೂ ದಡದ ನೀರಿನಲ್ಲಿ ನಿಂತಿದೆ. ಎದುರಿಗೆ ಉದ್ದಕ್ಕೆ ಚಾಚಿದ ಕೆಕೊವಾ ದ್ವೀಪ ಹೊರಗಡಲಿನ ಅಲೆಗಳನ್ನೆಲ್ಲ ತಾನೇ ತಡೆದುಕೊಳ್ಳುತ್ತದೆ. ಅದರ ಉತ್ತರ ದಡದಲ್ಲಿ ಮುಳುಗಿದ ಊರಿನ ಗೋಡೆ, ಮೆಟ್ಟಿಲುಗಳಿವೆ. ಅಲ್ಲಿ ಲಂಗರು ಹಾಕುವಂತಿಲ್ಲ. 1990ರಿಂದ ಈ ಸುತ್ತಲೆಲ್ಲ ವಿಶೇಷ ಸಂರಕ್ಷಿತ ಪ್ರದೇಶ.

ದ್ವೀಪ ಅಲೆ ತಡೆದೀತು, ಗಾಳಿ ತಡೆಯದು. ನನ್ನ ಆಟವಿರುವುದೇ ಅಲ್ಲಿ. ದೋಣಿ ಉಜ್ಜದಂತೆ ಕಾಯುವ ಫೆಂಡರುಗಳನ್ನು ಎರಡೂ ಬದಿಗೆ ಇಳಿಬಿಟ್ಟು, ಹಿಂದಿನ ಎರಡು ಹಗ್ಗಗಳನ್ನು ಸಿಕ್ಕಿಲ್ಲದಂತೆ ಸುತ್ತಿಟ್ಟು, ಚುಕ್ಕಾಣಿಯ ಮುಂದೆ ಜೆಟ್ಟಿಗೆ ಮುಖ ಮಾಡಿ ನಿಲ್ಲುತ್ತೇನೆ. ಜೊತೆಗಿರುವ ನನ್ನ ಭಾವ ದೋಣಿಯ ಮೂತಿಯಲ್ಲಿ, ಲಂಗರಿನ ಬಳಿ. ಆಳ 6 ಮೀಟರಿದ್ದರೆ 30 ಮೀಟರಾದರೂ ಸರಪಳಿ ಬೇಕು. ಅಷ್ಟು ದೂರದಲ್ಲೇ “ಬಿಡಿ ಭಾವ” ಎನ್ನಬೇಕು. ಆಮೇಲೆ ಹಿಂದಕ್ಕೆ. ಎಂಜಿನ್ ಹಿಮ್ಮುಖ ತಿರುಗಿದೊಡನೆ ಪ್ರೊಪೆಲರ್ ದೋಣಿಯ ಹಿಂಬದಿಯನ್ನು ಒಂದು ಪಕ್ಕಕ್ಕೆ ಎಳೆಯುತ್ತದೆ, ನಮ್ಮದು ಎಡಕ್ಕೆ. ನೀರು ಸರಾಗವಾಗಿ ಹರಿಯುವ ತನಕ ಚುಕ್ಕಾಣಿ ಮಾತು ಕೇಳುವುದಿಲ್ಲ. ಹಾಗಾಗಿ ಮೊದಲು ಸ್ವಲ್ಪ ವೇಗ ಕೊಟ್ಟು, ಹಿಡಿತ ಸಿಕ್ಕ ಮೇಲೆ ಎಂಜಿನ್ ತಗ್ಗಿಸಿ ತೇಲಿಬಿಡಬೇಕು. ಆ ಕ್ಷಣ ಅಂಗಾಲಿಗೇ ಗೊತ್ತಾಗುತ್ತದೆ: ಇಷ್ಟು ಹೊತ್ತು ಮೊಂಡು ಹಿಡಿದಿದ್ದ ದೋಣಿ ಒಪ್ಪಿಕೊಂಡಿತು. ಇದಕ್ಕಿಂತ ಸೊಗಸಾದ ಒಪ್ಪಿಗೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಜೆಟ್ಟಿಯ ಮೇಲೆ ಹೋಟೆಲಿನ ಹುಡುಗ ಕೈಚಾಚಿ ನಿಂತಿರುತ್ತಾನೆ. ಗಾಳಿ ಬರುವ ಬದಿಯ ಹಗ್ಗವೇ ಮೊದಲು. ಅದೊಂದು ಬಿಗಿಯಾದರೆ ಇನ್ನೊಂದಕ್ಕೆ ಅವಸರವಿಲ್ಲ. ಭಾವ ಸರಪಳಿ ಎಳೆದು ಬಿಗಿ ಮಾಡುತ್ತಾರೆ. ಮುಂದೆ ಲಂಗರು, ಹಿಂದೆ ಹಗ್ಗ, ನಡುವೆ ದೋಣಿ ಅಲುಗದೆ ನಿಲ್ಲುತ್ತದೆ. ಹೀಗೆ ಗಿಡ್ಡವಾಗಿ ಕಟ್ಟಲು ಆಗುವುದು ಇಲ್ಲಿ ಉಬ್ಬರವಿಳಿತ ಬಲು ಕಡಿಮೆಯಿರುವುದರಿಂದ. ನಮ್ಮ ಕಾರವಾರದಲ್ಲಿ ಹುಣ್ಣಿಮೆ ಅಮಾವಾಸ್ಯೆಗೆ ನೀರು ಒಂದೂವರೆ ಮೀಟರಿಗೂ ಮಿಕ್ಕಿ ಏರಿಳಿಯುತ್ತದೆ. ಇಷ್ಟು ಗಿಡ್ಡ ಹಗ್ಗಕ್ಕೆ ಅಲ್ಲಿ ದೋಣಿ ಜೋತುಬಿದ್ದೀತು.

ಜೆಟ್ಟಿಗೆ ಬಾಡಿಗೆಯಿಲ್ಲ. ಅಲ್ಲೇ ಊಟ ಮಾಡಬೇಕು, ಅಷ್ಟೇ. ಎಷ್ಟು ಸಭ್ಯ ವ್ಯವಹಾರ! ಮಂಜುಗಡ್ಡೆಯ ಮೇಲಿಟ್ಟ ಮೀನು ತೋರಿಸಿ ಯಾವುದೆಂದು ಕೇಳುತ್ತಾರೆ. ಬದನೆಕಾಯಿ, ಮೊಸರು, ಬಿಸಿ ಬ್ರೆಡ್ಡು ಮೊದಲೇ ಬಂದು ಕೂರುತ್ತವೆ. ನಾನು ಮಾತ್ರ ಮೂತಿಗೆ ಇನ್ನೊಮ್ಮೆ ಹೋಗಿ ಸರಪಳಿ ಒತ್ತಿ ನೋಡಿಯೇ ಊಟಕ್ಕೆ ಕೂರುವುದು. ಅಷ್ಟರಲ್ಲಿ ಇನ್ನೊಂದು ಯಾಟ್ ಹಿಮ್ಮುಖ ತಿರುಗಿರುತ್ತದೆ, ಹುಡುಗ ಅಡುಗೆಮನೆಯಲ್ಲಿರುತ್ತಾನೆ. ಎದ್ದು ಹೋಗಿ ಅವರ ಹಗ್ಗ ಹಿಡಿಯುತ್ತೇನೆ.